ಗುಲಾಬಿ ಗಿಡದ ನೀರು

“ಲೇ ಮುಂಡೆ, ಮಡಿಲ್ನಾಗೇನೇ ಅದು? ತೆಗಿಯೇ ಈಚೆ!”

ಸಂಜೆ ಕೆಲಸ ಬಿಟ್ಟ ಹೆಂಗಸರು ಗುಲಾಬಿ ತೋಟದ ಗೇಟಿನ ಬಳಿ ಸಾಲುಗಟ್ಟಿದ್ದರು. ಸೂಪರ್‌ವೈಸರ್ ಮಾದೇಶ ಅಂಜಮ್ಮನ ಸೆರಗು ಹಿಡಿದು ಜಗ್ಗಿದ. ಪ್ಲಾಸ್ಟಿಕ್ ಬಾಟಲಿಯೊಂದು ಉರುಳಿ ಅವನ ಕಾಲಬುಡಕ್ಕೆ ಬಿತ್ತು. ಹೂ ಕದ್ದಿದ್ದಾಳೆ ಅಂದುಕೊಂಡಿದ್ದವನಿಗೆ ನೀರು ಕಂಡು ಪಿತ್ತ ಇನ್ನಷ್ಟು ನೆತ್ತಿಗೇರಿತು.

“ಗಿಡದ ನೀರ್ ಕದ್ದೀಯೇನೇ? ಮಿಷಿನ್ನಾಗೆ ಸೋಸಿದ್ ನೀರು ಕಣೇ ಇದು. ನಿಮ್ ಬೋರ್ನಾಗೆ ನೀರು ಬತ್ತೋಗೈತಾ?”

“ಬತ್ತಿದ್ರಾದ್ರೂ ವಾಸಿ ಇತ್ತು ಸಾಮಿ” ಎಂದಳು ಅಂಜಮ್ಮ. “ಮೊಮ್ಮಗೀಗೆ. ಒಂದೇ ಬಾಟ್ಲು.”

ಗಡಿಯಾಚೆಯ ಸೂಳಗಿರಿಯಿಂದ ಒಳದಾರಿ ಹಿಡಿದರೆ ಸಿಗುವ ಈ ಗುಲಾಬಿ ತೋಟ ಅಶ್ವತ್ಥಪ್ಪನದು. ಪ್ಲಾಸ್ಟಿಕ್ ಮಾಡಿನಡಿ ಸಾಲು ಸಾಲು ಗಿಡ. ತೋಟ ಹಾಕಿದ ಹೊಸದರಲ್ಲಿ ಎಲೆಯಂಚು ಸುಟ್ಟಂತಾದಾಗ ಅಶ್ವತ್ಥಪ್ಪ ಅನ್ನ ನಿದ್ದೆ ಬಿಟ್ಟು ಒದ್ದಾಡಿದ. ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿದ. ನೀರು ಕೆಟ್ಟಿದೆಯೆಂದು ವರದಿ ಬಂತು, ಹಿಂದೆಯೇ ಸೋಸುವ ಯಂತ್ರ ಬಂತು, ಗಿಡ ಚಿಗುರಿತು. ಅದೇ ನೆಲದಡಿಯ ನೀರನ್ನು ಬೇಲಿಯಾಚೆಯ ಕೇರಿ ಕುಡಿಯುತ್ತಲೇ ಇತ್ತು. ಅವರಿಗೂ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೇರಿಯವರೇನು ಗುಲಾಬಿಯಂತೆ ಡಬ್ಬಕ್ಕೆ ತುಂಬಿ ವಿಮಾನ ಹತ್ತಿಸುವ ಸರಕೇ?

ಅಂಜಮ್ಮನ ಅಂಗೈ ಗಂಟುಗಂಟಾಗಿ ಕಲ್ಲಾಗಿ ಬಹಳ ಕಾಲವಾಗಿತ್ತು. ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಇವರಿಗ್ಯಾಕೆ ಗ್ಲೌಸು ಎಂದು ಮಾದೇಶ ಕೇರಿಯ ಹೆಂಗಸರಿಗೆ ಅದನ್ನು ಕೊಡುವುದನ್ನೇ ಬಿಟ್ಟಿದ್ದ. ದುಡಿದ ಕೈ ಎಂದು ಅಂಜಮ್ಮನಿಗೂ ಒಳಗೊಳಗೇ ಹೆಮ್ಮೆ. ಗಂಡ ತಿಮ್ಮರಾಯಪ್ಪ ಅಂಗಾಲು ಹುಣ್ಣಾಗಿ, ಆರದೆ, ಹೊಟ್ಟೆ ಊದಿ ಸತ್ತಾಗಲೂ ಹೆಂಡ ಕೊಂದಿತು ಅಂದುಕೊಂಡಳು. ಊರೂ ಹಾಗೇ ಅಂದಿತು.

ಆದರೆ ಮೊಮ್ಮಗಳು ಶಶಿಕಲಾ ಯಾವ ಮುಳ್ಳು ಮುಟ್ಟಿದ್ದಳು? ತಾಯಿಯಿಲ್ಲದ ಮಗು, ಶಾಲೆ ಬಿಟ್ಟರೆ ಅಜ್ಜಿಯ ಸೆರಗು. ಎಣ್ಣೆ ಹಚ್ಚುವಾಗ ಅದರ ಅಂಗೈ ಒರಟೊರಟಾಗಿ ಕೈಗೆ ಸಿಕ್ಕಿತು. ಎದೆಯ ಮೇಲೆ ಧೂಳಿಗೆ ಮಳೆಹನಿ ಬಿದ್ದಂತೆ ಮಚ್ಚೆಗಳು. ಅಂಜಮ್ಮ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಇಬ್ಬರ ಅಂಗೈಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. “ಅಂದ ತಣ್ಣಿ ಕುಡಿಕ್ಕಾದೀಂಗಮ್ಮಾ” ಎಂದು ತಮಿಳಿನಲ್ಲಿ, ಆ ನೀರು ಕುಡಿಯಬೇಡಿ ಎಂದರು. ನರ್ಸು ಬಿಡಿಸಿ ಹೇಳಿದಳು. “ನೀರ್ನಾಗೆ ಪಾಷಾಣ ಐತಂತೆ ಕಣಮ್ಮ. ಕಾಯ್ಸಿದ್ರೂ ಹೋಗಾಕಿಲ್ಲ. ಮಗೀಗೆ ಬ್ಯಾರೆ ನೀರು ಕುಡ್ಸು. ಈಗ್ಲೇ ಬುಟ್ರೆ ಉಳ್ಕತ್ತದೆ.”

ಬೇರೆ ನೀರು! ಹೊಳೆ ನೀರಿನ ಪೈಪು ಮೇಲ್ಜಾತಿಯವರ ಮೇಲೂರಿನ ತನಕ ಬಂದು ಅಲ್ಲೇ ನಿಂತಿತ್ತು. ಅಲ್ಲಿನ ನಲ್ಲಿಗೆ ಕೇರಿಯವರು ಕೊಡ ಹಿಡಿದರೆ ಆ ಊರಿನ ಹೆಂಗಸರು ಪೊರಕೆ ಎತ್ತಿಕೊಂಡು ಬರುತ್ತಿದ್ದರು. ಉಳಿದದ್ದು ಗುಲಾಬಿಗೆಂದು ಸೋಸಿದ ನೀರಿನ ತೊಟ್ಟಿ. ಅಂದಿನಿಂದ ಅಂಜಮ್ಮ ಸಂಜೆಗೊಂದು ಬಾಟಲಿ ಮಡಿಲಲ್ಲಿ ಮುಚ್ಚಿಟ್ಟು ಒಯ್ಯುತ್ತಿದ್ದಳು.

ಬಾಟಲಿ ಸಿಕ್ಕಿಬಿದ್ದ ಆ ಹೊತ್ತಿಗೇ ಗೇಟಿಗೆ ಅಶ್ವತ್ಥಪ್ಪನ ಕಾರು ಬಂತು. ಅಂಜಮ್ಮ ಓಡಿ ಹೋಗಿ ಕಾರಿಳಿದವನ ಕಾಲಿಗೆ ಬಿದ್ದಳು.

“ಸಾಮಿ, ದಿನಾ ಒಂದ್ ಬಿಂದ್ಗೆ ನೀರ್ ಕೊಡ್ಸಿ ಸಾಮಿ. ಬೋರ್ನಾಗೆ ಪಾಷಾಣ ಐತೆ ಅಂತ ಡಾಕ್ಟ್ರಮ್ಮ ಅಂದ್ರು. ಮಗು ಸತ್ತೋಯ್ತದೆ.”

ಪಾಷಾಣ ಎಂಬ ಮಾತಿಗೆ ಅವನ ಮುಖ ಕಪ್ಪಿಟ್ಟಿತು.

“ಪಾಷಾಣ ಗೀಷಾಣ ಅಂತ ಹೊರ್ಗೆ ಬಾಯ್ ಬುಟ್ಟೀಯ, ಹುಷಾರು! ನನ್ ಹೂವ ಯಾವನೇ ಕೊಳ್ತಾನೆ? ಇವತ್ತು ನಿಂಗೆ ಕೊಟ್ರೆ ನಾಳೆ ಕೇರಿ ಪೂರಾ ಬಿಂದ್ಗೆ ಹಿಡ್ಕಂಡ್ ಬತ್ತೈತೆ. ಆಮ್ಯಾಕೆ ಗಿಡಕ್ಕೇನು ಉಚ್ಚೆ ಹುಯ್ಯನಾ?”

ಅವನು ಹತ್ತಿ ಕುಳಿತ, ಕಾರು ಒಳಗೆ ಹೋಯಿತು. ಮಾದೇಶ ಬಾಟಲಿಯನ್ನು ಕಾಲಿನಿಂದಲೇ ಅವಳತ್ತ ತಳ್ಳಿದ.

“ಹುಯ್ಯೇ. ಗಿಡದ್ದು ಗಿಡಕ್ಕೆ.”

ಅಂಜಮ್ಮ ಹತ್ತಿರದ ಗಿಡದ ಬುಡಕ್ಕೆ ಸುರಿದಳು.

ಮನೆಯಲ್ಲಿ ಶಶಿಕಲಾ ಲೋಟ ಹಿಡಿದು ಕಾಯುತ್ತಿದ್ದಳು.

“ಅಜ್ಜೀ, ತೋಟದ್ ನೀರು?”

“ಇಲ್ಲ ಕಣವ್ವ.”

ಶಶಿಕಲಾ ಉಂಡಳು. ಸಾರು ಖಾರವಾಗಿತ್ತು. ತಡೆಯುವಷ್ಟು ಹೊತ್ತು ತಡೆದ ಮಗು ಎದ್ದು ಹೋಗಿ ಮಡಕೆಯ ಬೋರು ನೀರನ್ನು ಮೊಗೆದು ಗಟಗಟ ಕುಡಿಯಿತು. ಅಂಜಮ್ಮ ಬೇಡ ಅನ್ನಲಿಲ್ಲ. ಬೇಡ ಎಂದು ಏನು ಕೊಡುವುದು?

ಬೆಳಿಗ್ಗೆ ಅವಳು ಮಗುವಿನ ಕೈ ಹಿಡಿದುಕೊಂಡೇ ತೋಟಕ್ಕೆ ಬಂದಳು.

“ಮಗೀನ್ಯಾಕೆ ತಂದ್ಯೇ?” ಎಂದು ಮಾದೇಶ ಕೂಗಿದ. ಅಂಜಮ್ಮ ತಿರುಗಿ ನೋಡಲಿಲ್ಲ. ನೇರವಾಗಿ ಗಿಡಗಳ ನಡುವೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು. ಗೊಬ್ಬರ ಬೆರೆಸುವುದು ಮಧ್ಯಾಹ್ನ, ಬೆಳಗಿನ ಹೊತ್ತು ಪೈಪಿನಲ್ಲಿ ಹರಿಯುವುದು ಬರೀ ನೀರು. ಹೂ ಕೊಯ್ಯುವ ಕತ್ತರಿಯಿಂದ ಗಿಡದ ಬುಡದ ಕಪ್ಪು ಪೈಪನ್ನು ಕತ್ತರಿಸಿದಳು. ನೀರು ಚಿಮ್ಮಿತು.

“ಕುಡಿಯೇ ಮಗಾ. ಹೊಟ್ಟೆ ತುಂಬಾ ಕುಡಿ.”

ಶಶಿಕಲಾ ಮಂಡಿಯೂರಿ ಬಾಯಿಟ್ಟಳು.

ಮಾದೇಶ ಓಡಿ ಬಂದು ಅಂಜಮ್ಮನ ಜುಟ್ಟಿಗೆ ಕೈ ಹಾಕಿದ. ಕತ್ತರಿ ಅವನ ಹೊಟ್ಟೆಯ ಕಡೆ ತಿರುಗಿತು.

“ಬಾರ್ಲಾ, ಬೋಳಿಮಗ್ನೆ. ಬಾ!”

ಅವನು ಹಿಂದೆ ಸರಿದು ಕಿರುಚಿದ. “ಮೋಟ್ರು ಆಫ್ ಮಾಡ್ರೋ!”

ಮೋಟಾರಿನ ಸದ್ದು ನಿಂತಿತು. ಪೈಪಿನ ನೀರು ಸಣ್ಣಗಾಗಿ ತೊಟ್ಟಿಕ್ಕತೊಡಗಿತು. ಅಂಜಮ್ಮ ಮುಂದಿನ ಸಾಲಿನ ಪೈಪು ಕತ್ತರಿಸಿದಳು. ಅದರಲ್ಲಿ ಉಳಿದದ್ದು ಒಂದು ಗುಟುಕು. ಅದರ ಮುಂದಿನದನ್ನೂ ಕತ್ತರಿಸಿದಳು. ಗೇಟಿನ ಕಡೆಯಿಂದ ಜನ ಓಡಿ ಬರುವುದು ಕೇಳಿಸುತ್ತಿತ್ತು. ಶಾಲೆಯ ಬಟ್ಟೆಯಲ್ಲಿದ್ದ ಮಗು ಕೆಸರಿನಲ್ಲಿ ಅಂಬೆಗಾಲಿಡುತ್ತಾ ಅಜ್ಜಿಯ ಹಿಂದೆ ಹಿಂದೆಯೇ ಬಂದು, ಒಂದೊಂದೇ ಪೈಪನ್ನು ಚೀಪುತ್ತಿತ್ತು.