ಇಲ್ಲಿ ಒತ್ತಿ

‘ಸೊಲ್ಲು’ ಎಂಬ ತಂತ್ರಾಂಶ ಇರುವುದು ಕಣ್ಣು ಕಾಣದವರಿಗೆ. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಅದು ಕನ್ನಡದಲ್ಲಿ ಓದಿ ಹೇಳುತ್ತದೆ. ಅದನ್ನು ಬಳಸುವುದು ಹೇಗೆಂದು ತಿಳಿಸಲು ಒಂದು ಕೈಪಿಡಿಯಿದೆ. ಕೈಪಿಡಿಯ ತುಂಬ ಚಿತ್ರಗಳು. ಪ್ರತಿ ಚಿತ್ರದ ಮೇಲೂ ಕೆಂಪು ಬಾಣ, ಬಾಣದ ಪಕ್ಕದಲ್ಲಿ ‘ಇಲ್ಲಿ ಒತ್ತಿ’.

ಇದನ್ನು ಮಾಡಿದವರೆಲ್ಲ ಓದಿದವರು. ಮಾಡುವಾಗ ಒಬ್ಬರಿಗಾದರೂ ನಗು ಬರಲಿಲ್ಲವೇ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ಮಗಳು ಕೃತಿಕಾಗೆ ಹುಟ್ಟಿನಿಂದ ಕಣ್ಣಿಲ್ಲ. ಡಿಗ್ರಿ ಓದುತ್ತಿದ್ದಾಳೆ. ಹಿಂದಿನ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಕೂರಿಸಿದ್ದ ಹುಡುಗಿಗೆ ಹಸಿವಾಗಿತ್ತಂತೆ. ಪುಟಗಟ್ಟಲೆ ಉತ್ತರವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಎದ್ದುಹೋದಳು. ಈ ಸಲ ಮೇಷ್ಟ್ರು ಶಿವಮೂರ್ತಿಯವರು, “ನಿನ್ ಲ್ಯಾಪ್‌ಟಾಪಲ್ಲೇ ಬರಿಯಮ್ಮ. ಅದು ಕೈಕೊಟ್ರೆ ಮಾತ್ರ ಬೇರೆಯವ್ರನ್ನ ಕೂರಿಸ್ತೀನಿ,” ಅಂದಿದ್ದರು. ತನ್ನ ಉತ್ತರವನ್ನು ತಾನೇ ಬರೆಯುವುದು, ಅವಳು ಕೇಳಿದ್ದು ಅಷ್ಟೇ.

ಪರೀಕ್ಷೆ ಹತ್ತಿರ ಬಂದಾಗ ಸೊಲ್ಲು ಅಪ್‌ಡೇಟ್ ಆಯಿತು. ಆದದ್ದೇ ತಡ, ಕನ್ನಡ ಬಂದ ಕಡೆಯೆಲ್ಲ ಮೂಕ. ಇಂಗ್ಲಿಷನ್ನು ಮಾತ್ರ ಓದುತ್ತಿತ್ತು. ಕನ್ನಡದ ದನಿಯನ್ನು ಮತ್ತೆ ಕೂರಿಸುವುದು ಕೈಪಿಡಿಯ ಏಳನೇ ಹೆಜ್ಜೆ. ಅಲ್ಲಿಗೆ ಹೋದರೆ ಅವಳ ಲ್ಯಾಪ್‌ಟಾಪು “ಇಮೇಜ್” ಎಂದು ಹೇಳಿ ಸುಮ್ಮನಾಗುತ್ತಿತ್ತು. ನಾನೇ ನೋಡಿ ಒತ್ತೋಣವೆಂದರೆ ಚಿತ್ರ ಹಳೆಯದು. ಬಾಣ ತೋರಿಸುವ ಜಾಗದಲ್ಲಿ ಈಗ ಏನೂ ಇರಲಿಲ್ಲ.

ಸೊಲ್ಲು ಮಾಡಿದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ತಂಡದ ಮುಖ್ಯಸ್ಥ ಸಿದ್ಧಾರ್ಥ್ ನಮ್ಮೂರಿನ ಶಿರಾ ಗೇಟಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು. ಬರೆದ: “ಮೇಡಂ, ಎಲ್ಲಾ ಕೈಪಿಡಿಯಲ್ಲಿದೆ. ಇದು ಮುಕ್ತ ತಂತ್ರಾಂಶ, ಯಾರು ಬೇಕಾದ್ರೂ ತಿದ್ದಬಹುದು, ಯಾರಿಗೂ ಸಂಬಳ ಇಲ್ಲ. ದೂರೋ ಬದಲು ಬಂದು ಕೈಜೋಡಿಸಿ. ಭಾನುವಾರ ಗುಬ್ಬಿಯಲ್ಲಿ ಸ್ವಯಂಸೇವಕರ ಸಭೆ. ಪೋಸ್ಟರ್ ಹಾಕಿದ್ದೀವಲ್ಲ.”

ಆ ಪೋಸ್ಟರೂ ಚಿತ್ರವೇ. ನಾನು ಓದಿ ಹೇಳಿದೆ.

“ನಮ್ಮಂಥೋರು ಬರಬಾರ್ದು ಅಂತಾನೇ ಕರ್ದಿದಾರೆ,” ಅಂದಳು ಕೃತಿಕಾ. “ಹೋಗಣ ನಡಿ.”

ವಾರದ ಬಟ್ಟೆಯೆಲ್ಲ ನೆನೆಹಾಕಿದ್ದನ್ನು ಹಾಗೇ ಬಿಟ್ಟು, ಲ್ಯಾಪ್‌ಟಾಪು ಹೊತ್ತು ಬಟವಾಡಿಯಲ್ಲಿ ಬಸ್ಸು ಹತ್ತಿದೆವು. ಗುಬ್ಬಿಯ ಸಭಾಂಗಣದ ಬಾಗಿಲಲ್ಲೇ, ಸೊಲ್ಲು ಬಳಸುವ ಹುಡುಗಿ ಬಂದಿದ್ದಾಳೆಂದು ತಿಳಿದವರು ಅವಳನ್ನು ಎತ್ತಿಕೊಂಡು ಹೋದಂತೆ ವೇದಿಕೆಗೆ ಕರೆದೊಯ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಫೋಟೋದವನು “ಈ ಕಡೆ ನೋಡಿ ಮೇಡಂ” ಎಂದ. ಆಮೇಲೆ ತಾನೇ ಹತ್ತಿ ಬಂದು ಅವಳ ಗಲ್ಲ ಹಿಡಿದು ಕ್ಯಾಮೆರಾದತ್ತ ತಿರುಗಿಸಿದ. ನನಗೆ ಮೈ ಉರಿದುಹೋಯಿತು.

“ಇಷ್ಟು ಒಳ್ಳೆ ಕೆಲಸ, ಆದ್ರೂ ಜನ ಬರಲ್ಲ,” ಎಂದು ಸಿದ್ಧಾರ್ಥ್ ಭಾಷಣ ಮಾಡಿದ. “ಬಳಸೋರಂತೂ ತಪ್ಪೇನಿದೆ ಅಂತ ಹೇಳೋದೇ ಇಲ್ಲ.” ಆಮೇಲೆ ಕೃತಿಕಾಗೆ ಮೈಕು ಕೊಟ್ಟು, ಎರಡು ಮಾತು ಆಡಲು ಹೇಳಿದ.

“ಶಾಲು ಬೆಚ್ಚಗಿದೆ ಅಣ್ಣ,” ಅಂದಳು. “ಏಳನೇ ಹೆಜ್ಜೆ ಏನು?”

“ಅದನ್ನ ಮದ್ವೆ ದಿನ ಪುರೋಹಿತರು ಹೇಳ್ತಾರೆ ಬುಡವ್ವ,” ಎಂದು ಮುಂದಿನ ಸಾಲಿನಿಂದ ಯಾರೋ ಅಂದರು. ಸಭೆ ನಕ್ಕಿತು.

ನಗು ನಿಲ್ಲುವವರೆಗೆ ಅವಳು ಕಾದಳು. “ಕೈಪಿಡೀಲಿರೋದು. ಕನ್ನಡ ದನಿ ಹಾಕೋದು. ಬುಧವಾರ ನಂಗೆ ಪರೀಕ್ಷೆ.”

ಸಿದ್ಧಾರ್ಥ್ ಪಕ್ಕದವನ ಮುಖ ನೋಡಿದ. “ಕೈಪಿಡಿ ಬರ್ದೋನು ಈಗ ತಂಡದಲ್ಲಿಲ್ಲ,” ಅಂದ ಪಕ್ಕದವನು.

ಹಿಂದಿನ ಕುರ್ಚಿಯಿಂದ ಒಬ್ಬ ಎದ್ದ. ಕುಣಿಗಲ್‌ನ ಅರ್ಫಾತ್, ಮೊಬೈಲ್ ರಿಪೇರಿಯವನು. “ದನಿ ಭಾಗ ಮಾಡಿದ್ದು ನಾನೇ ಕಣಮ್ಮ. ಕೂತ್ಕೋ, ನೋಡಣ. ಮೇಲ್ಗಡೆ ಬಲಕ್ಕೆ...”

“ಬಲಕ್ಕೆ ಅನ್ಬೇಡಿ. ಯಾವ ಕೀ ಒತ್ಲಿ ಹೇಳಿ.”

ಅರ್ಫಾತ್ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ. ಮೌಸ್ ಇಲ್ಲದೆ ಅಲ್ಲಿಗೆ ಹೋಗುವ ದಾರಿ ಮಾಡಿದವನಿಗೇ ಗೊತ್ತಿರಲಿಲ್ಲ. ಒಂದು ಕೀ ಒತ್ತಿದರು, ಇನ್ನೊಂದು ಒತ್ತಿದರು, ಎಲ್ಲೋ ಹೋದರು, ವಾಪಸು ಬಂದರು. ಅಷ್ಟರಲ್ಲಿ ಊಟಕ್ಕೆ ಕರೆದರು. ಸ್ವಯಂಸೇವಕರೆಲ್ಲ ಎದ್ದರು. ಇವರಿಬ್ಬರು ಏಳಲಿಲ್ಲ.

ಮಜ್ಜಿಗೆ ಬಡಿಸುವ ಹೊತ್ತಿಗೆ ಲ್ಯಾಪ್‌ಟಾಪು ಕನ್ನಡದಲ್ಲಿ ಮಾತಾಡಿತು. ಒತ್ತಿದ ಕೀಗಳನ್ನೆಲ್ಲ ಕೃತಿಕಾ ಕ್ರಮವಾಗಿ ಬರೆದು, ಏಳನೇ ಹೆಜ್ಜೆಗೆ ಸೇರಿಸಿ ಎಂದು ಅಲ್ಲಿಂದಲೇ ತಂಡಕ್ಕೆ ಕಳಿಸಿದಳು.

ಕೈ ತೊಳೆದು ಬಂದ ಸಿದ್ಧಾರ್ಥ್ ಫೋನಿನಲ್ಲಿ ಅದನ್ನು ನೋಡಿದ. “ಥ್ಯಾಂಕ್ಸ್ ಕಣಮ್ಮ. ಸಮಿತಿ ನೋಡಿ ಹಾಕುತ್ತೆ. ಜೊತೆಗೆ ಒಂದ್ ಚಿತ್ರ ಇದ್ದಿದ್ರೆ ಚೆನ್ನಾಗಿರ್ತಿತ್ತು.”

“ನನ್ ಮಗಳಿಗೆ ಒಂದ್ ಎಲೆ ಉಳ್ಸಿದ್ದೀರೇನಪ್ಪ,” ಅಂದೆ, “ಇಲ್ಲ ಅದನ್ನೂ ಸಮಿತಿ ನೋಡ್ಬೇಕಾ?”

ಬುಧವಾರ ಅವಳು ತನ್ನ ಉತ್ತರವನ್ನು ತಾನೇ ಬರೆದಳು. ಹೊತ್ತು ಮುಗಿದ ಮೇಲೂ ಬರೆಯುತ್ತಿದ್ದಳೆಂದು ಶಿವಮೂರ್ತಿಯವರು ಬೈದರಂತೆ. ಆ ಬೈಗುಳವನ್ನು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕಳು.

ಮನೆಗೆ ಬಂದವಳೇ ಸೊಲ್ಲಿನ ಪುಟ ತೆರೆದಳು. ಕೆಂಪು ಬಾಣ ಅಲ್ಲೇ ಇತ್ತು. ಅವಳು ಕಳಿಸಿದ್ದು ‘ಪರಿಶೀಲನೆಯಲ್ಲಿದೆ’. ಮೇಲೆ ಹೊಸದೊಂದು ಸೇರಿತ್ತು.

“ಚಿತ್ರ,” ಅಂದಿತು ಲ್ಯಾಪ್‌ಟಾಪು, ಈಗ ಅಚ್ಚ ಕನ್ನಡದಲ್ಲಿ.

“ಯಾವ ಚಿತ್ರ ಅಮ್ಮ?”

“ನಿಂದೇ ಕಣೇ. ಶಾಲು ಹೊದ್ಕೊಂಡಿರೋದು. ಗಲ್ಲ ಹಿಡ್ಕೊಂಡಿರೋ ಕೈಯೂ ಬಂದಿದೆ.”

“ಅಷ್ಟನ್ನ ಕೆಳಗೆ ಬರಿಯಕ್ಕೆ ಏನಾಗಿತ್ತು ಇವ್ರಿಗೆ.” ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಕೀಗಳ ಮೇಲೆ ಬೆರಳಿಟ್ಟಳು. “ಹೇಳು, ನಾನ್ ಬರಿತೀನಿ. ಆ ಕೈ ಯಾರ್ದು ಅಂತಾನೂ ಹೇಳು.”