ಗೋಡೆಯ ಮೇಲೆ ಮೂರು ಕಾಗದದ ಪಟ್ಟಿ

ಹೋಸಿಯತ್‌ಗೆ ಮೊದಲು ಗೋಡೆಯ ಮೇಲೆ ಅನುಮಾನ ಬಂತು. ಆಮೇಲೆ ಗೋಡೆ ಗಟ್ಟಿಯಿದೆ ಎಂದ ಎಂಜಿನಿಯರ್ ಮೇಲೆ. ಈಗ ಗಂಡ ಸಫರ್ ಮೇಲೆ.

ಬೇಸಿಗೆಯಲ್ಲಿ ಭೂಮಿ ನಡುಗಿದಾಗ ಆ ತಾಜಿಕ್ ಬೆಟ್ಟದೂರಿನಲ್ಲಿ ಹನ್ನೊಂದು ಮನೆ ಕುಸಿದವು. ಹೋಸಿಯತ್‌ಳ ಮನೆ ನಿಂತಿತು. ಜಿಲ್ಲೆಯಿಂದ ಬಂದ ಎಂಜಿನಿಯರ್ ಒಳಗೆಲ್ಲ ತಟ್ಟಿ ನೋಡಿ, ವಾಸಕ್ಕೆ ಅಡ್ಡಿಯಿಲ್ಲ ಎಂದು ಬಾಗಿಲಿಗೆ ಹಸಿರು ಗುರುತು ಹಾಕಿ ಹೋದ. ಆ ದಿನ ಅವಳು ಹೆರಿಗೆಯಾದ ಸೊಸೆಯ ಜೊತೆ ಆಸ್ಪತ್ರೆಯಲ್ಲಿದ್ದಳು. ಕಣ್ಣಾರೆ ಕಾಣದ್ದನ್ನು ನಂಬುವ ಹೆಂಗಸಲ್ಲ ಅವಳು.

"ಡಬ್ಬೀಲಿ ಹಸಿರು ಉಳಿದಿತ್ತು, ಬಳಿದ," ಎಂದವಳೇ ಮನೆಮಂದಿಯನ್ನೆಲ್ಲ ಅಂಗಳದ ಡೇರೆಯಲ್ಲೇ ಇಟ್ಟಳು.

ಈಗ ಎದುರು ಬೆಟ್ಟದ ನೆತ್ತಿಗೆ ಹಿಮ ಬಿದ್ದಿದೆ. ಸೊಸೆ ಮವ್ಜುನಾಳ ಮೂರು ತಿಂಗಳ ಕೂಸು ಡೇರೆಯ ಥಂಡಿಗೆ ಕೆಮ್ಮುತ್ತಿದೆ. ಅದನ್ನು ನೆಲದ ಮೇಲಿಡುವ ಮರದ ತೊಟ್ಟಿಲಿಗೆ ಕಟ್ಟುವ ಶಾಸ್ತ್ರವೂ ಆಗಿಲ್ಲ. ಅದು ಒಳಮನೆಯಲ್ಲೇ ಆಗಬೇಕು, ಹೆಂಗಸರೆಲ್ಲ ಸೇರಬೇಕು, ಹೋಸಿಯತ್ ದೋಯಿರಾ ಬಾರಿಸಬೇಕು. ಊರಿನ ಯಾವ ಕೂಸಿನ ಶಾಸ್ತ್ರಕ್ಕೂ ಆ ತಮಟೆಯ ಪೆಟ್ಟು ಅವಳದೇ. ದೋಯಿರಾ ಮಾತ್ರ ಒಳಗೆ ಮೊಳೆಯಲ್ಲಿ ಧೂಳು ಹಿಡಿದು ತೂಗುತ್ತಿತ್ತು.

ಹೆಂಡತಿಯನ್ನು ಒಳಗೆ ಕರೆಯಲೆಂದು ಸಫರ್ ಗೋಡೆಗೆಲ್ಲ ಹುಲ್ಲುಮಣ್ಣು ಮೆತ್ತಿ ಸುಣ್ಣ ಬಳಿದ.

"ಈಗಲಾದ್ರೂ ಬಾರೆ. ಒಂದು ಬಿರುಕಿದ್ರೆ ತೋರಿಸು."

"ಅದೇ ನನ್ನ ಸಂಶಯ. ಇದ್ದ ಬಿರುಕು ಎಲ್ಲಿಗೆ ಹೋಯ್ತು? ಬೆಳ್ಳಗಿರೋದೆಲ್ಲ ಹಾಲಾ?"

ಮೂರು ದಿನ ಬೆನ್ನು ಬಗ್ಗಿಸಿ ದುಡಿದ ಸಫರ್ ಸುಣ್ಣದ ಕೈಯಲ್ಲೇ ಗಡ್ಡ ಕೆರೆದುಕೊಂಡ.

ಮರುದಿನ ಕೂಸಿನ ಕೆಮ್ಮು ನೋಡಲು ನರ್ಸ್ ಶರೋಫತ್ ಬಂದಳು. ಹೋಸಿಯತ್‌ಳ ಬಾಲ್ಯದ ಗೆಳತಿ.

"ಎದೆ ಸದ್ಯಕ್ಕೆ ಚೆನ್ನಾಗಿದೆ. ಆದ್ರೆ ಹಿಮ ಕೆಳಗಿಳಿಯೋದ್ರೊಳಗೆ ಒಳಗೆ ಸೇರ್ಕೊಳ್ಳಿ."

"ಇವರು ಹೇಳಿಕೊಟ್ರಾ ನಿಂಗೆ?" ಹೋಸಿಯತ್ ಪಕ್ಕದಲ್ಲಿದ್ದ ಗಂಡನ ಕಡೆ ಬೆರಳು ಮಾಡಿದಳು.

"ಯಾರೂ ಹೇಳಿಕೊಟ್ಟಿಲ್ಲ ಕಣೆ. ಒಂದು ತಿಂಗಳು ನಾನೂ ಬೂಟು ಹಾಕ್ಕೊಂಡೇ ಮಲಗಿದ್ದೆ. ಲಾರಿ ಹೋದ್ರೂ ಎದೆ ಧಸಕ್ಕಂತಿತ್ತು. ಹೆದರಿಕೆ ಆಗೋದು ತಪ್ಪಲ್ಲ. ಒಳಗೇ ಇಟ್ಕೊಂಡ್ರೆ ಬೆಳೆಯುತ್ತೆ. ನಿಂಗೇನು ಹೆದರಿಕೆ, ನಂಗೆ ಹೇಳು."

ಹೋಸಿಯತ್ ತಲೆವಸ್ತ್ರದ ಅಂಚು ತಿರುಚುತ್ತಾ ಕೂತಳು. ಇಷ್ಟು ದಿನ ಯಾರಿಗೂ ಹೇಳದ ಮಾತು ಹೊರಬಂತು. "ತೊಟ್ಟಿಲಲ್ಲಿ ಕೂಸಿನ ಕೈಕಾಲು ಬಿಗಿದು ಕಟ್ಟಿರ್ತೀವಿ. ನೆಲ ನಡುಗಿದ್ರೆ ಬಿಚ್ಚೋಷ್ಟು ಹೊತ್ತು ಸಿಗುತ್ತೇನೆ?"

"ಬಿಚ್ಚೋದ್ಯಾಕೆ? ಮೇಲೆ ಹಿಡಿ ಇದೆಯಲ್ಲ, ತೊಟ್ಟಿಲ ಸಮೇತ ಎತ್ತು. ಬಾಗಿಲ ಪಕ್ಕ ಇಡು. ಒಳಗೆ ರಜಾಯಿಗಳನ್ನ ಸೂರು ಮುಟ್ಟೋ ಹಾಗೆ ಪೇರಿಸಿಟ್ಟಿದೀಯಲ್ಲ, ಕೂಸಿನ ಮೇಲೆ ಬಿದ್ದೀತು, ಮೊದಲು ಅದನ್ನ ಇಳಿಸು."

"ಗೋಡೆ?"

ಶರೋಫತ್ ಸಫರ್ ಕಡೆ ತಿರುಗಿದಳು. "ಅಣ್ಣ, ಆ ಸುಣ್ಣ, ಮಣ್ಣು ಎರಡನ್ನೂ ಕೆರೆದುಬಿಡಿ."

"ಮೂರು ದಿನದ ಕೆಲಸ ಕಣಮ್ಮ ಅದು."

"ಬಿರುಕು ಮುಚ್ಚಿದ್ದಕ್ಕೇ ಅಲ್ವಾ ಇವಳಿಗೆ ಅನುಮಾನ? ಎಂಜಿನಿಯರನ್ನ ಮತ್ತೆ ಕರೆಸೋಣ. ಈ ಸಲ ಇವಳ ಎದುರಿಗೇ ನೋಡ್ಲಿ."

ಎಂಜಿನಿಯರ್ ಬಂದ. ಹೋಸಿಯತ್ ಹೊಸ್ತಿಲಲ್ಲಿ ಒಂದು ಕಾಲು ಹೊರಗಿಟ್ಟೇ ನಿಂತಳು. ಕೆರೆದ ಗೋಡೆಯಲ್ಲಿ ಮೂರು ಬಿರುಕು ಕಂಡವು, ಮೂರೂ ಕೂದಲೆಳೆಯಷ್ಟು. ಮೂಲೆ ಬಾಯಿ ಬಿಟ್ಟಿಲ್ಲ, ಗೋಡೆ ವಾಲಿಲ್ಲ ಎಂದು ಅವನು ಗುಂಡು ಕಟ್ಟಿದ ದಾರ ಇಳಿಬಿಟ್ಟು ತೋರಿಸಿದ. ಒಂದೊಂದು ಬಿರುಕಿಗೂ ಅಡ್ಡಲಾಗಿ ಹಿಟ್ಟಿನಂಟಿನಿಂದ ತೆಳು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದ.

"ಗೋಡೆ ಸರಿದ್ರೆ ಕಾಗದ ಹರಿಯುತ್ತೆ, ಚಿಕ್ಕಮ್ಮ. ಹರಿದ್ರೆ ಎಲ್ರೂ ಆಚೆ ಬಂದು ನಂಗೆ ಹೇಳಿಕಳಿಸಿ."

ಹೋಸಿಯತ್ ಕಾಗದವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಇದಕ್ಕೆ ನನ್ನ ಗಂಡನ ನೆಂಟಸ್ತಿಕೆ ಇಲ್ಲ. ಇದನ್ನ ನಂಬಬಹುದು."

ಮೊದಲ ದಿನ ನಿಂತುಕೊಂಡೇ ಒಳಗೆ ಒಂದು ಬಟ್ಟಲು ಚಹಾ ಕುಡಿದಳು. ಮರುದಿನ ಕೂತು ಕುಡಿದಳು. ದಿನಕ್ಕೆ ಮೂರು ಸಲ ಪಟ್ಟಿ ನೋಡಿದಳು. ಸಂಜೆ ತೊಟ್ಟಿಲಲ್ಲಿ ಹಿಟ್ಟಿನ ಚೀಲ ಕಟ್ಟಿ, ಸೊಸೆ ಮತ್ತು ಸಫರ್ ಅದನ್ನೆತ್ತಿ ಅಂಗಳಕ್ಕೆ ತರುವ ಅಭ್ಯಾಸ. "ಹಿಟ್ಟಿಗೆ ಇಷ್ಟು ಉಪಚಾರ ನಾನು ಕಂಡಿಲ್ಲ," ಎಂದು ಸಫರ್ ಗೊಣಗಿದ, ಆದರೂ ಎತ್ತಿದ.

ಒಂಬತ್ತನೇ ದಿನ ನೆಲ ಮೆಲ್ಲಗೆ ಅಲುಗಿತು. ಎಲ್ಲರೂ ಅಂಗಳಕ್ಕೆ ಬಂದರು. ಅಲುಗಾಟ ನಿಂತು ಎಷ್ಟೋ ಹೊತ್ತಾದ ಮೇಲೆ ಹೋಸಿಯತ್ ಬಾಗಿಲಲ್ಲಿ ನಿಂತು ಇಣುಕಿದಳು. ಮೂರು ಪಟ್ಟಿಯೂ ಇದ್ದ ಹಾಗೇ ಇದ್ದವು. ಅವಳಿಗೆ ಅಳು ಬಂತು.

ಶುಕ್ರವಾರ ಹೆಂಗಸರು ಒಳಮನೆಯಲ್ಲಿ ಸೇರಿದರು. ಕೂಸನ್ನು ತೊಟ್ಟಿಲಿಗೆ ಕಟ್ಟಿದರು. ಹೋಸಿಯತ್ ಧೂಳು ಒರೆಸಿ ದೋಯಿರಾ ಕೈಗೆತ್ತಿಕೊಂಡಳು, ಹೆಂಗಸರು ಕುಣಿಯತೊಡಗಿದರು. ಬಟ್ಟಲಲ್ಲಿ ಚಹಾ ನಡುಗಿತು. ಅವಳ ಕೈ ತಟ್ಟನೆ ನಿಂತಿತು. ಗೋಡೆಯ ಕಡೆ ನೋಡಿದಳು. ಪಟ್ಟಿ ಹರಿದಿರಲಿಲ್ಲ. ಚಹಾ ನಡುಗಿದ್ದು ಶರೋಫತ್‌ಳ ಕುಣಿತಕ್ಕೆ.

"ನೀನು ಕುಣಿದ್ರೆ ಆ ಎಂಜಿನಿಯರನ್ನ ಮತ್ತೆ ಕರೆಸ್ಬೇಕಾಗುತ್ತೆ ಕಣೆ," ಎಂದು ಹೋಸಿಯತ್ ಮತ್ತೆ ಬಾರಿಸಿದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅನುಮಾನವಿದ್ದರೆ ಇರಲಿ, ಅದು ಕಾವಲುನಾಯಿ. ಆದರೆ ಬಿರುಕನ್ನು ಸುಣ್ಣದಿಂದ ಮುಚ್ಚಬೇಡಿ, ಹೆದರಿಕೆಯನ್ನು ಮೌನದಿಂದ ಮುಚ್ಚಬೇಡಿ. ತಿಳಿದವರನ್ನು ಕರೆಸಿ ಕಣ್ಣೆದುರೇ ಮನೆ ತೋರಿಸಿ. ಭಾರದ್ದನ್ನು ಕೆಳಗಿಳಿಸಿ, ಹೊರಬರುವ ದಾರಿಯನ್ನು ಮನೆಯವರೆಲ್ಲ ಅಭ್ಯಾಸ ಮಾಡಿ. ಆಮೇಲೆ ಒಂದು ಬಟ್ಟಲು ಚಹಾದಿಂದ ಶುರುಮಾಡಿ. ನಿಮ್ಮ ಮನೆಯ ಮೊಳೆಯಲ್ಲೂ ಏನೋ ಒಂದು ಧೂಳು ಹಿಡಿದು ತೂಗುತ್ತಿರಬೇಕು. ಅದನ್ನು ಇವತ್ತೇ ಕೆಳಗಿಳಿಸಿ ಒರೆಸಿ.