ತೊಟ್ಟಿಯ ಗಪ್ಪಿ, ನಾಲೆಯ ಗಪ್ಪಿ

ಎದುರುಮನೆಯ ನಸೀಬಾಳ ಮಗಳು ಸನಾಗೆ ಡೆಂಗಿ ಬಂದ ಮಳೆಗಾಲದಲ್ಲೇ ಜಯಶೀಲಾ ಭದ್ರಾವತಿಯ ತವರಿನ ಹತ್ತಿರದ ನಾಲೆಯಿಂದ ಒಂದು ಬಕೆಟ್ ಗಪ್ಪಿ ಮೀನು ತಂದದ್ದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಸೊಳ್ಳೆಮರಿಗಳನ್ನು ಅವು ತಿನ್ನುತ್ತವೆಂದು ಗೊತ್ತಿತ್ತು. ಹೊಸಮನೆ ಬಡಾವಣೆಯ ತಮ್ಮ ಓಣಿಯ ಸಿಮೆಂಟ್ ತೊಟ್ಟಿಗೆ ಬಿಟ್ಟಳು. ನೋಡನೋಡುತ್ತಲೇ ತೊಟ್ಟಿ ಗಿಜಿಗುಟ್ಟಿತು, ಸೊಳ್ಳೆ ಕಡಿಮೆಯಾಯಿತು. ಸನಾ ಚೇತರಿಸಿಕೊಂಡಳು. ಅಂದಿನಿಂದ ಎರಡು ಮನೆಗಳ ನಡುವೆ ತಿಂಡಿ ಡಬ್ಬಿಗಳ ಓಡಾಟ ಶುರುವಾಯಿತು.

ಮೂರು ವರ್ಷ ಕಳೆದ ಮೇಲೆ, ಆಯನೂರಿನ ತನ್ನ ನಾದಿನಿಯ ಮನೆಗೂ ಮೀನು ಬೇಕೆಂದು ನಸೀಬಾ ಕೇಳಿದಳು. ಜಯಶೀಲಾ ಅದೇ ತೊಟ್ಟಿಯಿಂದ ಹಿಡಿದುಕೊಟ್ಟಳು. ಅಲ್ಲಿ ಮೀನುಗಳು ಬದುಕಿದವು, ಆದರೆ ಹೆಚ್ಚಲಿಲ್ಲ. ಸೊಳ್ಳೆ ಹಾಗೇ ಉಳಿಯಿತು. ನಾದಿನಿ ಜ್ವರ ಬಂದು ಆಸ್ಪತ್ರೆ ಸೇರಿದಳು.

"ಒಳ್ಳೇವನ್ನ ಓಣಿಗೆ ಇಟ್ಕೊಂಡು, ಕೆಲಸಕ್ಕೆ ಬಾರದ್ದು ಕೊಟ್ರಾ ಅಕ್ಕಾ?" ನಸೀಬಾ ಬಾಗಿಲಲ್ಲೇ ನಿಂತು ಕೇಳಿದಳು.

"ಎಲ್ಲಾ ಒಂದೇ ತೊಟ್ಟೀವು ಮಾರಾಯ್ತಿ," ಎಂದಳು ಜಯಶೀಲಾ. ಆ ಉತ್ತರ ಅವಳಿಗೇ ಸಾಲಲಿಲ್ಲ.

ಭಾನುವಾರ ಭದ್ರಾವತಿಗೆ ಹೋಗಿ ನಾಲೆಯಿಂದ ಹೊಸ ಗಪ್ಪಿ ತಂದಳು. ತಾರಸಿಯ ಮೇಲೆ ಎರಡು ಟಬ್ ಇಟ್ಟು ಒಂದಕ್ಕೆ ನಾಲೆಯವನ್ನು, ಇನ್ನೊಂದಕ್ಕೆ ತೊಟ್ಟಿಯವನ್ನು ಬಿಟ್ಟಳು. ಎರಡಕ್ಕೂ ಹೊಟ್ಟೆತುಂಬ ತಿಂಡಿ. ಮರಿಗಳು ಬೆಳೆದು ಅವೂ ಮರಿ ಹಾಕುವವರೆಗೆ ಕಾದು, ನಸೀಬಾಳನ್ನು ಕರೆದಳು.

ನಾಲೆಯ ಟಬ್ಬಿನಲ್ಲಿ ರವೆ ಚೆಲ್ಲಿದಂತೆ ಮರಿಗಳು. ತೊಟ್ಟಿಯ ಟಬ್ಬಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಒಂದೊಂದೂ ದಪ್ಪ.

"ಇವು ಬೇರೆ ಜಾತಿನಾ?" ಎಂದಳು ನಸೀಬಾ.

"ಇಲ್ಲ, ತೊಟ್ಟೀವೂ ಈ ನಾಲೆಯವುಗಳ ವಂಶಾನೇ. ನಾಲೇಲಿ ದೊಡ್ಡ ಮೀನು ಇವನ್ನ ನುಂಗ್ತಾವೆ. ಬೇಗ ಬೇಗ ಹೆತ್ತವುಗಳದ್ದೇ ಸಂತಾನ ಉಳಿಯೋದು. ನಮ್ಮ ತೊಟ್ಟೀಲಿ ನುಂಗೋರಿಲ್ಲ. ಗುಂಪು ಬೆಳೀತು, ತಿನ್ನೋಕೆ ಸಾಲ್ದೆ ಹೋಯ್ತು. ಸಣ್ಣ ಮರಿ ಸತ್ವು. ನಿಧಾನವಾಗಿ, ಕೆಲವೇ ಗಟ್ಟಿ ಮರಿ ಹಾಕೋವೇ ಗೆದ್ವು. ಆ ಗುಣಾನೇ ಆಯನೂರಿಗೂ ಹೋಯ್ತು. ಜಾಗ ಇದ್ರೂ ಹೆಚ್ಚಲಿಲ್ಲ."

ಹೇಳುತ್ತ ಹೇಳುತ್ತ ಜಯಶೀಲಾಗೆ ಅಚ್ಚರಿಯಾಯಿತು. ಈ ಪಾಠವನ್ನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದಳು. ಜೀವಿಗಳ ಸಂಖ್ಯೆಯ ಏರಿಳಿತ ಒಂದು ಅಧ್ಯಾಯ, ಪ್ರಕೃತಿಯ ಆಯ್ಕೆ ಇನ್ನೊಂದು. ಅವೆರಡೂ ತನ್ನ ಓಣಿಯಲ್ಲೇ ಒಂದನ್ನೊಂದು ತಿದ್ದುತ್ತಿದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ.

ನಸೀಬಾ ಟಬ್ಬಿನ ಪಕ್ಕ ಕುಕ್ಕರಿಸಿದಳು. "ನಾನು ಏನೇನೋ ಅಂದ್ಬಿಟ್ಟೆ."

"ನಿನ್ನ ಜಾಗದಲ್ಲಿ ನಾನಿದ್ರೂ ಅಂತಿದ್ದೆ. ನಡಿ, ಈ ನಾಲೆಯವನ್ನ ಕೊಟ್ಟು ಬರೋಣ."

ಆಯನೂರು ಹಾದು ಹೋಗುವ ಸಾಗರದ ಬಸ್ಸಿನಲ್ಲಿ ಇಬ್ಬರೂ ಮುಚ್ಚಿದ ಬಕೆಟ್ಟನ್ನು ಕಾಲ ನಡುವೆ ಹಿಡಿದು ಕೂತರು. ಆಯನೂರಿನಲ್ಲಿ, ಜ್ವರ ಬಿಟ್ಟಿದ್ದರೂ ಇನ್ನೂ ಸೊರಗಿದ್ದ ನಾದಿನಿ ತಾನೇ ಬಗ್ಗಿ ಮೀನುಗಳನ್ನು ತೊಟ್ಟಿಗೆ ಬಿಟ್ಟಳು.

"ಮುಂದೆ ಇವೂ ಹಂಗೇ ಆಗ್ಬಿಡ್ತಾವಾ ಅಕ್ಕಾ?" ಎಂದು ಕೇಳಿದಳು ನಸೀಬಾ.

"ಆಗ್ಬಹುದು," ಎಂದಳು ಜಯಶೀಲಾ. "ಅದಕ್ಕೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಬರೋ ಮಳೆಗಾಲ ದಾಟುತ್ತಲ್ಲ."